ಬಟ್ಟಿ ಪಾತ್ರೆಯ ತಳವನ್ನು ಒರಟು ಮಾಡಿದ ನನ್ನ ಅನುಭವ

ಬ್ಯಾಟರಿಗೆ ಹಾಕುವ ಬಟ್ಟಿ ನೀರು ಇಳಿಸುವ ಪಾತ್ರೆಯ ತಳ ಫಳಫಳ ಹೊಳೆಯುತ್ತಿರಬೇಕೆಂದು ತೀರ್ಥಹಳ್ಳಿಯ ಕಡೆ ನನಗೆ ಹೇಳದವರಿಲ್ಲ. ಆ ತಳವನ್ನು ಬೇಕೆಂದೇ ಗೀರಿದ ಮೇಲೆ ನನ್ನ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ಮೂವತ್ತರ ಸುತ್ತಿನಿಂದ ಮೂರಕ್ಕೆ ಇಳಿದು ಅಲ್ಲೇ ನಿಂತಿದೆ.

ಪಾತ್ರೆ 304 ದರ್ಜೆಯ ಸ್ಟೀಲಿನದು. ಪಾಲಿಶ್ ಸೇರಿ ಎಂಟು ಸಾವಿರದಷ್ಟು ತಗುಲಿತ್ತು. ಸುಮಾರು 600 ಮೀಟರ್ ಎತ್ತರದ ನಮ್ಮಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿ ಕುದಿಯಬೇಕು. ನುಣುಪು ತಳದ ಮೇಲೆ ಅದು 101, 102ರವರೆಗೂ ಸದ್ದಿಲ್ಲದೆ ಕಾದು, ಒಮ್ಮೆಲೇ ಉಕ್ಕಿ ಸಿಡಿದು, ಬೋರ್‌ವೆಲ್ ನೀರಿನ ಹನಿಗಳನ್ನು ಆವಿಯೊಂದಿಗೆ ಕೊಳವೆಗೆ ತಳ್ಳುತ್ತಿತ್ತು. ಹಿಂದಿನ ದಿನ ಕುದಿದು ಉಳಿದ ನೀರನ್ನೇ ಮತ್ತೆ ಕಾಯಿಸಿದರೆ, ಕರಗಿದ ಗಾಳಿ ಆಗಲೇ ಹೊರಟುಹೋಗಿರುವುದರಿಂದ, ಸಿಡಿತ ಇನ್ನೂ ಜೋರಾಗಿರುತ್ತಿತ್ತು.

ಸಿಡಿತ ತಡೆಯಲು ನೀರಿಗೆ ಹಾಕಿದ ಹೆಂಚಿನ ಚೂರುಗಳು ಮೊದಲ ಉರಿಗೆ ಚೆನ್ನಾಗಿ ಗುಳ್ಳೆ ಎಬ್ಬಿಸಿದವು; ಒಮ್ಮೆ ತಣಿದು ರಂಧ್ರಗಳಲ್ಲಿ ನೀರು ತುಂಬಿದ ಮೇಲೆ ಉಪಯೋಗಕ್ಕೆ ಬರಲಿಲ್ಲ. ಶಿವಮೊಗ್ಗದ ಮಾಚೇನಹಳ್ಳಿಯ ಕಡೆ ತಳಕ್ಕೆ ಶಾಟ್ ಬ್ಲಾಸ್ಟಿಂಗ್ (ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಒರಟು ಮಾಡುವುದು) ಮಾಡಿಸಿದೆ, ಸಾಗಣೆ ಸೇರಿ ಒಂದೂವರೆ ಸಾವಿರ ಹೋಯಿತು. ಕುದಿತವೇನೋ ಸಮವಾಯಿತು, ಆದರೆ ಉಕ್ಕಿನ ಗುಂಡುಗಳಿಂದ ಅಂಟಿದ ಕಬ್ಬಿಣದ ಕಣಗಳು ಕೆಲವೇ ದಿನಗಳಲ್ಲಿ ತುಕ್ಕು ಹಿಡಿದವು. ಅದನ್ನು ತೆಗೆಸಲು ಹೆಚ್ಚುಕಡಿಮೆ ಅಷ್ಟೇ ಹಣ ಮತ್ತೆ ಬೇಕಾಯಿತು.

ಕೊನೆಗೆ ಕೆಲಸ ಕೊಟ್ಟದ್ದು ಇನ್ನೂರು ರೂಪಾಯಿಯೊಳಗಿನ 60ನೇ ನಂಬರಿನ ಸಿಲಿಕಾನ್ ಕಾರ್ಬೈಡ್ ಎಮರಿ ಕಾಗದ. ಅಡ್ಡಕ್ಕೂ ಉದ್ದಕ್ಕೂ ಉಜ್ಜಿದ ತಳದಿಂದ ಸಣ್ಣ ಗುಳ್ಳೆಗಳ ಸಾಲುಗಳು ಬಿಡದೆ ಏಳತೊಡಗಿದವು. ಗುಳ್ಳೆ ಹುಟ್ಟುವುದು ಗೀರಿನಲ್ಲಿ ಸಿಕ್ಕಿಕೊಂಡ ಗಾಳಿಯಿಂದ. ಆದರೆ ಬಾಯಿ ಅಗಲವಾದ ಗೀರಿಗೆ ನೀರು ಪೂರ್ತಿ ಇಳಿದು ಗಾಳಿ ಖಾಲಿಯಾಗುತ್ತದೆ. ಒರಟು ತಳದ ಗುಣ ದಿನಕಳೆದಂತೆ ಕುಂದುವುದನ್ನು ಜರ್ಮನಿಯಲ್ಲಿ ಯಾಕೋಬ್ ಮತ್ತು ಫ್ರಿಟ್ಸ್ ಎಂಬ ಸಂಶೋಧಕರು 1931ರಲ್ಲಿಯೇ ಕಂಡಿದ್ದರು. ಆದ್ದರಿಂದ ಗೀರಿನ ಒಳಗು ಅಗಲವಾಗಿಯೇ ಇದ್ದು ಬಾಯಿ ಮಾತ್ರ ಕಿರಿದಾಗುವಂತೆ ಎರಡನೆಯ ಬಾರಿ ಹಗುರವಾಗಿ ತಿಕ್ಕುತ್ತೇನೆ. ಯಾವುದರಿಂದ ತಿಕ್ಕುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ ಎರಡು ಸ್ಟೀಲ್ ಲೋಟಗಳಿಗೆ ಸೋಡಾ ಸುರಿದು ನೋಡಿದೆ: ಮೊಳೆಯಿಂದ ಗೀರಿದ ಲೋಟದಲ್ಲಿ ಗೀರಿನುದ್ದಕ್ಕೂ ಗುಳ್ಳೆಗಳೆದ್ದವು, ಹೊಸ ಲೋಟದಲ್ಲಿ ಅಲ್ಲೊಂದು ಇಲ್ಲೊಂದು. ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದಾಗ ಗುಳ್ಳೆಗಳು ದಪ್ಪವಾಗಿ ಬೆಳೆದು ಲೋಹವನ್ನು ಬಿಡಲೇ ಒಲ್ಲವು. ಬಟ್ಟಿಗೆ ಎಣ್ಣೆಯ ಉಪಾಯ ಸಲ್ಲದು.

ಉರಿ ಉಳಿಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ, ಲೀಟರ್ ನೀರನ್ನು ಆವಿ ಮಾಡಲು ಬೇಕಾದ ಶಾಖ ತಳ ಒರಟಾದರೂ ಅಷ್ಟೇ. ಒಣಗಿದ ಅಡಿಕೆ ಸಿಪ್ಪೆ ಮೊದಲಿನಷ್ಟೇ ಉರಿಯುತ್ತಿದೆ. ಉಳಿತಾಯವಾದದ್ದು, ನೀರು ಶುದ್ಧವಿಲ್ಲವೆಂದು ಕೊಂಡವರಿಂದ ವಾಪಸು ಬರುತ್ತಿದ್ದ ಕ್ಯಾನುಗಳ ನಷ್ಟ, ತಿಂಗಳಿಗೆ ಎರಡು ಸಾವಿರದಷ್ಟು. ಸುಣ್ಣದ ಪದರ ಕಟ್ಟಿದಾಗ ಸಿಟ್ರಿಕ್ ಆಸಿಡ್ಡಿನಲ್ಲಿ ನೆನೆಸಿ ತೊಳೆಯಬೇಕು; ತಂತಿಯ ಬ್ರಷ್ ಮುಟ್ಟಿಸಿದರೆ ಕಿರಿದು ಮಾಡಿದ ಬಾಯಿಗಳು ಮತ್ತೆ ತೆರೆದುಕೊಳ್ಳುತ್ತವೆ.