ಡೆನ್ವರ್‌ನಲ್ಲಿ ಈಗೆಷ್ಟು ಗಂಟೆ? ಮೌಂಟೇನ್ ಟೈಮ್ ಲೆಕ್ಕ ತಪ್ಪದಿರಲು

ಮಗ ಡೆನ್ವರ್‌ನಲ್ಲಿ, ಮಗಳು ಫೀನಿಕ್ಸ್‌ನಲ್ಲಿ ಎಂದುಕೊಳ್ಳಿ. ನಕ್ಷೆ ನೋಡಿದರೆ ಎರಡೂ ಊರು ಅಮೆರಿಕದ ಮೌಂಟೇನ್ ಕಾಲವಲಯದಲ್ಲೇ ಇವೆ. ಜನವರಿಯಲ್ಲಿ ಮೈಸೂರಿನಿಂದ ರಾತ್ರಿ 8:30ಕ್ಕೆ ಫೋನ್ ಮಾಡಿದರೆ ಇಬ್ಬರಿಗೂ ಬೆಳಿಗ್ಗೆ 8. ಜುಲೈಯಲ್ಲಿ ಅದೇ ಹೊತ್ತಿಗೆ ಮಾಡಿದರೆ ಮಗಳಿಗೆ 8, ಮಗನಿಗೆ 9. ಅವನು ಆಗಲೇ ಆಫೀಸಿನ ಮೀಟಿಂಗ್‌ನಲ್ಲಿ ಕೂತಿರುತ್ತಾನೆ.

ಹೆಜ್ಜೆ 1: ವಲಯ ಬಿಡಿ, ಊರು ಕೇಳಿ

ಕೊಲರಾಡೊ, ಯೂಟಾ, ವಯೋಮಿಂಗ್, ಮೊಂಟಾನಾ, ನ್ಯೂ ಮೆಕ್ಸಿಕೊ ಈ ವಲಯದ ರಾಜ್ಯಗಳು. ಐಡಹೊದ ದಕ್ಷಿಣ ಭಾಗ, ಟೆಕ್ಸಸ್‌ನ ಎಲ್ ಪಾಸೊ ಕೂಡ ಇದರೊಳಗೇ ಬರುತ್ತವೆ. ಇಲ್ಲೆಲ್ಲ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಚಳಿಗಾಲದ ಸಮಯಕ್ಕೆ ಎಂಎಸ್‌ಟಿ, ಬೇಸಿಗೆಯದ್ದಕ್ಕೆ ಎಂಡಿಟಿ ಎಂದು ಹೆಸರು. ನಡುವಿನ ಅಕ್ಷರ ಎಸ್ ಇದ್ದರೆ ಸ್ಟಾಂಡರ್ಡ್, ಡಿ ಇದ್ದರೆ ಡೇಲೈಟ್.

ಅರಿಜೋನಾ ಮಾತ್ರ ಈ ಆಟಕ್ಕೆ ಬರುವುದಿಲ್ಲ. ಅಮೆರಿಕದ 1966ರ ಏಕರೂಪ ಸಮಯ ಕಾಯ್ದೆ ರಾಜ್ಯಗಳಿಗೆ ಹೊರಗುಳಿಯುವ ಅವಕಾಶ ಕೊಟ್ಟಿದೆ. ಅರಿಜೋನಾ 1967ರಲ್ಲಿ ಒಂದು ಬೇಸಿಗೆ ಮಾಡಿ ನೋಡಿ, 1968ರಲ್ಲಿ ಸಹವಾಸ ಸಾಕೆಂದಿತು. ಜೂನ್ ತಿಂಗಳಲ್ಲಿ 40 ಡಿಗ್ರಿ ದಾಟುವ ಫೀನಿಕ್ಸ್‌ನಲ್ಲಿ ಜನ ಹೊತ್ತು ಮುಳುಗುವುದನ್ನೇ ಕಾಯುತ್ತಾರೆ. ಸಂಜೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು?

ಹೆಜ್ಜೆ 2: ಎರಡು ಭಾನುವಾರ ಗುರುತಿಡಿ

ಮಾರ್ಚ್‌ನ ಎರಡನೇ ಭಾನುವಾರ ಬೇಸಿಗೆ ಸಮಯ ಶುರು, ನವೆಂಬರ್‌ನ ಮೊದಲ ಭಾನುವಾರ ಮುಗಿತಾಯ. 2007ರಿಂದ ಇದೇ ನಿಯಮ. 2026ಕ್ಕೆ ಮಾರ್ಚ್ 8 ಮತ್ತು ನವೆಂಬರ್ 1. 2027ಕ್ಕೆ ಮಾರ್ಚ್ 14 ಮತ್ತು ನವೆಂಬರ್ 7. ಎರಡೂ ಸಲ ಅಲ್ಲಿನ ನಸುಕಿನ 2 ಗಂಟೆಗೆ ಬದಲಾವಣೆ. ನಮ್ಮಲ್ಲಿ ಆಗ ಅದೇ ಭಾನುವಾರ, ಮಾರ್ಚ್‌ನಲ್ಲಾದರೆ ಮಧ್ಯಾಹ್ನ 2:30, ನವೆಂಬರ್‌ನಲ್ಲಾದರೆ 1:30.

ಹೆಜ್ಜೆ 3: ಅರ್ಧ ಗಂಟೆಯ ಲೆಕ್ಕ

ಇದಕ್ಕೆ ಆ್ಯಪ್ ಬೇಡ. ಬೆಳಿಗ್ಗೆಯನ್ನು ರಾತ್ರಿ ಮಾಡಿ, ರಾತ್ರಿಯನ್ನು ಬೆಳಿಗ್ಗೆ ಮಾಡಿ. ಆಮೇಲೆ ಅರ್ಧ ಗಂಟೆ. ಚಳಿಗೆ ಕಳೆ, ಸೆಕೆಗೆ ಸೇರಿಸು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 7 ಆದರೆ ಡೆನ್ವರ್‌ನಲ್ಲಿ ಬೆಳಿಗ್ಗೆ 6:30. ಜೂನ್‌ನಲ್ಲಾದರೆ ಬೆಳಿಗ್ಗೆ 7:30. ವರ್ಷದಲ್ಲಿ ಬಹುಕಾಲ ಸೆಕೆ ಕಾಣುವ ಫೀನಿಕ್ಸ್‌ಗೆ ಮಾತ್ರ ಹನ್ನೆರಡು ತಿಂಗಳೂ ಚಳಿಯ ಲೆಕ್ಕ, ಯಾವಾಗಲೂ ಕಳೆಯುವುದೇ.

ತಾರೀಕು ಮರೆಯಬೇಡಿ. ನಮ್ಮಲ್ಲಿ ಮಧ್ಯಾಹ್ನ 12:30 ಆಗುವವರೆಗೆ (ಎಂಡಿಟಿ ಇದ್ದಾಗ 11:30ರವರೆಗೆ) ಅಲ್ಲಿ ಇನ್ನೂ ಹಿಂದಿನ ದಿನ. ಹುಟ್ಟುಹಬ್ಬಕ್ಕೆ ಬೆಳಿಗ್ಗೆ ಎದ್ದು ಹಾರೈಸಿದರೆ ಒಂದು ದಿನ ಮುಂಚೆಯೇ ಹಾರೈಸಿದಂತೆ.

ಲೆಕ್ಕ ಇಷ್ಟು ಸಲೀಸಾಗಿರುವುದಕ್ಕೆ ಕಾರಣ ಭೂಗೋಳದಲ್ಲಿದೆ. ಮೌಂಟೇನ್ ಸಮಯದ ಆಧಾರ 105 ಡಿಗ್ರಿ ಪಶ್ಚಿಮ ರೇಖಾಂಶ. ಅದು ಡೆನ್ವರ್ ನಗರದ ಮೇಲೇ ಹಾಯುತ್ತದೆ. ನಮ್ಮದು 82.5 ಡಿಗ್ರಿ ಪೂರ್ವ. ಕೂಡಿದರೆ 187.5. ಡಿಗ್ರಿಗೆ 4 ನಿಮಿಷದಂತೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ಬೇಸಿಗೆಯಲ್ಲಿ ಅವರು ಒಂದು ಗಂಟೆ ಮುಂದೆ ಬರುವುದರಿಂದ ಅಂತರ ಹನ್ನೊಂದೂವರೆಗೆ ಇಳಿಯುತ್ತದೆ.

ಹೆಜ್ಜೆ 4: ಮೀಟಿಂಗ್ ಯಾವ ಊರಿಗೆ ಕಟ್ಟಿದ್ದೀರಿ?

ಹೆಚ್ಚು ಎಡವುವುದು ಇಲ್ಲೇ. ವಾರವಾರ ನಡೆಯುವ ಮೀಟಿಂಗನ್ನು ಕ್ಯಾಲೆಂಡರ್ ಯಾವುದೋ ಒಂದು ಕಾಲವಲಯಕ್ಕೆ ಕಟ್ಟಿ ಇಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಕರೆದವರ ಊರಿನ ವಲಯಕ್ಕೆ. ಬೆಂಗಳೂರಿನವರು ರಾತ್ರಿ 8:30ಕ್ಕೆ ಎಂದು ಇಟ್ಟರೆ ನಮ್ಮ ಹೊತ್ತು ಅಲುಗುವುದಿಲ್ಲ; ಡೆನ್ವರ್‌ನವರಿಗೆ ಚಳಿಗಾಲದಲ್ಲಿ 8, ಬೇಸಿಗೆಯಲ್ಲಿ 9. ಡೆನ್ವರ್‌ನವರು ಬೆಳಿಗ್ಗೆ 9ಕ್ಕೆ ಇಟ್ಟರೆ ಪೆಟ್ಟು ನಮಗೆ: ಬೇಸಿಗೆಯಲ್ಲಿ ರಾತ್ರಿ 8:30, ಚಳಿಗಾಲದಲ್ಲಿ 9:30. ಫೀನಿಕ್ಸ್‌ನವರೂ ಅದರಲ್ಲಿದ್ದರೆ ಅವರಿಗೆ ಚಳಿಗಾಲದಲ್ಲಿ 9, ಬೇಸಿಗೆಯಲ್ಲಿ 8. ಮಕ್ಕಳನ್ನು ಶಾಲೆಗೆ ಬಿಡಬೇಕಾದವರು, ಕೊನೆಯ ಬಸ್ಸು ಹಿಡಿಯಬೇಕಾದವರು, ಹೀಗೆ ಹೊತ್ತು ಜರುಗಿಸಲು ಆಗದವರು ಯಾವ ಊರಿನಲ್ಲಿದ್ದಾರೋ ಆ ಊರಿಗೇ ಮೀಟಿಂಗ್ ಕಟ್ಟಿ.

ಆಹ್ವಾನದಲ್ಲಿ ಎಂಎಸ್‌ಟಿ ಎಂದು ಬರೆಯುವ ಚಟ ಬಿಡಿ. ಜುಲೈಯಲ್ಲಿ ಡೆನ್ವರ್‌ನವರೊಬ್ಬರು ರೂಢಿಬಲದಿಂದ ‘9 ಎಎಂ ಎಂಎಸ್‌ಟಿ’ ಎಂದು ಬರೆಯುತ್ತಾರೆ; ಅವರ ಮನಸ್ಸಿನಲ್ಲಿರುವುದು ಗೋಡೆ ಗಡಿಯಾರದ 9. ಅಕ್ಷರಶಃ ಲೆಕ್ಕ ಹಾಕಿದವರು ನಮ್ಮ ರಾತ್ರಿ 9:30ಕ್ಕೆ ಹಾಜರಾಗುತ್ತಾರೆ. ಮೀಟಿಂಗ್ ಶುರುವಾಗಿದ್ದು 8:30ಕ್ಕೆ. ‘ಡೆನ್ವರ್ ಸಮಯ ಬೆಳಿಗ್ಗೆ 9’ ಎಂದು ಬರೆದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಹೆಜ್ಜೆ 5: ಕಂಪ್ಯೂಟರಿನ ಪಟ್ಟಿ

ವಿಂಡೋಸ್‌ನ ಪಟ್ಟಿಯಲ್ಲಿ ಅರಿಜೋನಾಗೆ ಒಂದು ಸಾಲು, ಉಳಿದ ಮೌಂಟೇನ್ ಟೈಮ್‌ಗೆ ಬೇರೊಂದು ಸಾಲು ಇದೆ. ಎರಡರ ಮುಂದೆಯೂ ಯುಟಿಸಿ ಮೈನಸ್ 7 (ಜಗತ್ತಿನ ಆಧಾರ ಸಮಯಕ್ಕಿಂತ 7 ಗಂಟೆ ಹಿಂದೆ) ಎಂದೇ ಕಾಣುತ್ತದೆ, ಜುಲೈಯಲ್ಲೂ. ಅದು ತಪ್ಪಲ್ಲ, ಅಲ್ಲಿ ತೋರಿಸುವುದು ಸ್ಟಾಂಡರ್ಡ್ ಸಮಯದ ಅಂತರ. ಒಂದರ ಬದಲು ಇನ್ನೊಂದನ್ನು ಆರಿಸಿದರೆ ಚಳಿಗಾಲದುದ್ದಕ್ಕೂ ಏನೂ ಗೊತ್ತಾಗದು, ಮಾರ್ಚ್‌ನಲ್ಲಿ ಬಣ್ಣ ಬಯಲು.

ಸರ್ವರ್ ನೋಡಿಕೊಳ್ಳುವವರು ‘ಅಮೆರಿಕ/ಡೆನ್ವರ್’ ಅಥವಾ ‘ಅಮೆರಿಕ/ಫೀನಿಕ್ಸ್’ ಎಂಬ ಊರಿನ ಹೆಸರನ್ನೇ ಕೊಡಲಿ. ಬರೀ ಎಂಎಸ್‌ಟಿ ಎಂದು ಕೊಟ್ಟರೆ ವರ್ಷವಿಡೀ ಮೈನಸ್ 7ಕ್ಕೇ ಅಂಟಿಕೊಳ್ಳುತ್ತದೆ. ಡೆನ್ವರ್ ಸಮಯದಲ್ಲಿ ರಾತ್ರಿಯ ಬ್ಯಾಕಪ್ಪನ್ನು 1ರಿಂದ 3 ಗಂಟೆಯೊಳಗೆ ಇಡಲೇಬೇಡಿ. ಮಾರ್ಚ್‌ನ ಆ ರಾತ್ರಿ 1:59 ಆದ ಮೇಲೆ ನೇರ 3:00. ಗಡಿಯಾರದಲ್ಲಿ 2:30 ಬರುವುದೇ ಇಲ್ಲವಾದ್ದರಿಂದ ಆ ಹೊತ್ತಿಗಿಟ್ಟ ಕೆಲಸ ಬಿಟ್ಟುಹೋಗಬಹುದು. ನವೆಂಬರ್‌ನಲ್ಲಿ 1:30 ಎರಡು ಸಲ ಬರುತ್ತದೆ. ಅದೇ ಕೆಲಸ ಎರಡು ಸಲ ನಡೆಯಬಹುದು.

ಹೆಜ್ಜೆ 6: ಬೇಸಿಗೆಯಲ್ಲಿ ಕಾರು ಹತ್ತಿದರೆ

ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಅಲ್ಲಿಂದ ಮಾನ್ಯುಮೆಂಟ್ ವ್ಯಾಲಿಗೆ ಹೋಗುವವರು ಇದನ್ನು ಗಮನಿಸಿ. ಅರಿಜೋನಾದ ಈಶಾನ್ಯ ಭಾಗ ನವಾಹೊ ಬುಡಕಟ್ಟಿನ ಸ್ವಯಮಾಡಳಿತದ ನೆಲ. ಅದು ನ್ಯೂ ಮೆಕ್ಸಿಕೊ, ಯೂಟಾಗಳಿಗೂ ಚಾಚಿಕೊಂಡಿರುವುದರಿಂದ, ತಮ್ಮ ನಾಡಿಗೆಲ್ಲ ಒಂದೇ ಹೊತ್ತಿರಲಿ ಎಂದು ಅವರು ಬೇಸಿಗೆ ಸಮಯ ಪಾಲಿಸುತ್ತಾರೆ. ಅವರ ನೆಲದ ನಟ್ಟನಡುವೆ ಹೋಪಿ ಬುಡಕಟ್ಟಿನ ನೆಲ, ಅಲ್ಲಿ ಪಾಲಿಸುವುದಿಲ್ಲ. ಟ್ಯೂಬಾ ಸಿಟಿ ನವಾಹೊಗಳದ್ದು, ಹೆದ್ದಾರಿಯ ಆಚೆ ಬದಿಯ ಮೊಯೆಂಕೋಪಿ ಹೋಪಿಗಳದ್ದು. ಜುಲೈಯಲ್ಲಿ ಟ್ಯೂಬಾ ಸಿಟಿಯಲ್ಲಿ 10 ಗಂಟೆ ಆಗಿದ್ದರೆ ರಸ್ತೆ ದಾಟಿದಾಗ 9.

ಗಡಿಯ ಆಸುಪಾಸಿನಲ್ಲಿ ಫೋನನ್ನು ನಂಬಬೇಡಿ. ಯಾವ ಟವರ್ ಸಿಕ್ಕಿತೋ ಆ ಟವರಿನ ಸಮಯ ತೋರಿಸುತ್ತದೆ. ಯೂಟಾ ಗಡಿಗೆ ಹತ್ತಿರವಿರುವ ಅರಿಜೋನಾದ ಪೇಜ್ ಊರಿನ ಹೋಟೆಲಿನಲ್ಲಿ ಮಲಗಿದ್ದಾಗ ಯೂಟಾದ ಟವರ್ ಹಿಡಿದುಕೊಂಡು ಅಲಾರಾಂ ಒಂದು ಗಂಟೆ ಮೊದಲೇ ಬಡಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯಕ್ಕೆ ಹೋಗಿ, ತಾನೇ ಬದಲಾಗುವ ಆಯ್ಕೆ ಆಫ್ ಮಾಡಿ, ಫೀನಿಕ್ಸ್ ಎಂದು ಕೈಯಾರೆ ಕೊಡಿ. ಟೂರ್ ಬುಕ್ ಮಾಡುವಾಗ ‘ಇದು ಫೀನಿಕ್ಸ್ ಸಮಯವೇ, ನವಾಹೊ ಸಮಯವೇ’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅರಿಜೋನಾ ದಾಟಿ ಕೊಲರಾಡೊ ಸೇರಿದ ಕೂಡಲೇ ಆ ಆಯ್ಕೆಯನ್ನು ಮತ್ತೆ ಆನ್ ಮಾಡಿ. ಇಲ್ಲವಾದರೆ ವಾಪಸ್ ವಿಮಾನಕ್ಕೆ ಡೆನ್ವರ್ ಏರ್‌ಪೋರ್ಟ್ ಮುಟ್ಟುವುದು ಒಂದು ಗಂಟೆ ತಡವಾಗುತ್ತದೆ.