ಅಚೇತೋ ಅಂದರೆ ವಿನೆಗರ್, ಅಸೇಯ್ತೆ ಅಂದರೆ ಎಣ್ಣೆ

ಮಿಡಿಸೌತೆ ಬಾಟಲಿಯ ಲೇಬಲ್ ನೋಡುವುದು ನನ್ನ ಕೆಲಸ. ತುಮಕೂರು, ಹಾಸನ, ಬಳ್ಳಾರಿ ಕಡೆ ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಯುವ ಕಾಯಿ ಇದು. ನಮ್ಮಲ್ಲಿ ತಿನ್ನುವವರು ಕಡಿಮೆ. ಹೆಚ್ಚುಕಮ್ಮಿ ಎಲ್ಲವೂ ವಿನೆಗರಿನಲ್ಲೋ ಉಪ್ಪುನೀರಿನಲ್ಲೋ ಮುಳುಗಿ ಹಡಗು ಹತ್ತುತ್ತದೆ. ಯುರೋಪಿಗೆ ಹೋಗುವ ಬಾಟಲಿಯ ಮೇಲೆ ಅಲ್ಲಲ್ಲಿಯ ಗಿರಾಕಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲೇ ವಿವರ ಇರಬೇಕು. ಹಾಗಾಗಿ ಒಂದೇ ಲೇಬಲ್ಲಿನಲ್ಲಿ ಐದಾರು ಭಾಷೆ ಬರುವುದೂ ಉಂಟು. ಅನುವಾದ ಮಾಡುವವರು ಬೇರೆ. ಬಂದದ್ದನ್ನು ಸಾಲು ಹಿಡಿದು ನೋಡಿ ಪ್ರಿಂಟಿಗೆ ಬಿಡುವುದು ನಾನು. ಈ ಭಾಷೆಗಳಲ್ಲಿ ಮಾತಾಡಲು ನನಗೆ ಬರುವುದಿಲ್ಲ. ಓದಲು ಬರುತ್ತದೆ, ಅದೂ ಬಾಟಲಿಯ ಮಟ್ಟಿಗೆ.

ಹೊಸಬರು ಬಂದರೆ ಎಲ್ಲರೂ ಮೊದಲು ಹೇಳುವ ಜೋಕ್ ಒಂದೇ. ಇಂಗ್ಲಿಷಿನ ಪ್ರಿಸರ್ವೇಟಿವ್ ಅಂದರೆ ಆಹಾರ ಕೆಡದಂತೆ ಹಾಕುವ ವಸ್ತು. ಅದನ್ನೇ ಸ್ವಲ್ಪ ತಿದ್ದಿ ಫ್ರೆಂಚಿನಲ್ಲಿ ಪ್ರೆಸೆರ್ವಾತಿಫ್ ಎಂದು ಬರೆದರೆ ಕಾಂಡೋಮ್ ಆಗುತ್ತದೆ. ನಗು ಬರುತ್ತದೆ, ಸರಿ. ಆದರೆ ಸ್ಪ್ಯಾನಿಷ್, ಜರ್ಮನ್, ಪೋಲಿಷ್, ರಷ್ಯನ್ ಭಾಷೆಗಳಲ್ಲೂ ಇದೇ ರೂಪದ ಪದಕ್ಕೆ ಕಾಂಡೋಮ್ ಎಂದೇ ಅರ್ಥ. ಅಂದರೆ ಗುಂಪಿನಿಂದ ಹೊರಗಿರುವುದು ಇಂಗ್ಲಿಷ್. ನಾವೋ ಇಂಗ್ಲಿಷನ್ನೇ ಅಳತೆಗೋಲು ಮಾಡಿಕೊಂಡು ಉಳಿದವನ್ನೆಲ್ಲ ವಿಚಿತ್ರ ಎನ್ನುತ್ತೇವೆ.

ಈ ಜೋಕಿನಿಂದ ನಷ್ಟವೇನೂ ಇಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತು. ತಲೆನೋವು ಇರುವುದು ಇಂಗ್ಲಿಷಿನ ಸಂಬಂಧವೇ ಇಲ್ಲದೆ ಎರಡು ಯುರೋಪಿಯನ್ ಭಾಷೆಗಳ ನಡುವೆ ಹುಟ್ಟುವ ಗೊಂದಲದಲ್ಲಿ. ಇಟಾಲಿಯನ್ನಿನಲ್ಲಿ ಅಚೇತೋ ಅಂದರೆ ವಿನೆಗರ್. ಸ್ಪ್ಯಾನಿಷ್‌ನಲ್ಲಿ ಅಸೇಯ್ತೆ ಅಂದರೆ ಎಣ್ಣೆ. ಕಿವಿಗೆ ಬೇರೆ ಅನಿಸಬಹುದು, ಕಾಗದದ ಮೇಲೆ ನೋಡಿ: ಒಂದು ಎ-ಸಿ-ಇ-ಟಿ-ಓ, ಇನ್ನೊಂದು ಎ-ಸಿ-ಇ-ಐ-ಟಿ-ಇ. ಸಣ್ಣಕ್ಷರದಲ್ಲಿ ಕಣ್ಣು ಜಾರುತ್ತದೆ. ಮೂಲವೂ ಒಂದಲ್ಲ. ಮೊದಲನೆಯದು ಲ್ಯಾಟಿನ್ನಿನಿಂದ ಬಂದದ್ದು, ಎರಡನೆಯದು ಅರಬ್ಬಿಯಿಂದ. ಮಿಡಿಸೌತೆ ಬಾಟಲಿಯಲ್ಲಿ ಕಾಯಿ ಬಿಟ್ಟರೆ ಇರುವುದೇ ವಿನೆಗರ್. ಅಲ್ಲಿ ಎಣ್ಣೆ ಎಂದು ಬರೆದುಕೊಂಡರೆ ಆ ಲಾಟು ಮುಗಿದಂತೆಯೇ.

ನನಗೆ ಅತಿ ಹೆಚ್ಚು ಕೆಲಸ ಕೊಟ್ಟಿದ್ದು ಸಾಸಿವೆ. ಬಾಟಲಿಯಲ್ಲಿ ಸಬ್ಬಸಿಗೆ ಜೊತೆ ಸಾಸಿವೆ ಕಾಳು ಇರುತ್ತದೆ. ಯುರೋಪಿಯನ್ ಒಕ್ಕೂಟದ ಪ್ರಕಾರ ಸಾಸಿವೆ ಅಲರ್ಜಿ ತರುವ ಪದಾರ್ಥ. 2011ರ 1169ನೇ ನಿಯಮದ ಎರಡನೇ ಅನುಬಂಧದಲ್ಲಿ ಇಂಥ 14 ಇವೆ. ಸಾಸಿವೆಯದು ಹತ್ತನೇ ನಂಬರ್. ಆ ಪದ ಲೇಬಲ್ಲಿನಲ್ಲಿ ಎದ್ದು ಕಾಣಬೇಕು, ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ. ಪೋರ್ಚುಗೀಸಿನಲ್ಲಿ ಸಾಸಿವೆಗೆ ಮೊಸ್ತಾರ್ದಾ ಎನ್ನುತ್ತಾರೆ. ಅದೇ ಅಕ್ಷರಗಳ ಮೊಸ್ತಾರ್ದಾ ಇಟಾಲಿಯನ್ನಿನಲ್ಲೂ ಇದೆ. ಆದರೆ ಅಲ್ಲಿ ಅದು ಸಾಸಿವೆ ಘಾಟಿನ ಸಕ್ಕರೆ ಪಾಕದಲ್ಲಿ ಹಾಕಿಟ್ಟ ಹಣ್ಣು. ಕ್ರೆಮೋನಾ ಊರಿನದು ಹೆಸರುವಾಸಿ. ಸಾಸಿವೆಗೆ ಇಟಲಿಯವರು ಸೇನಪೆ ಎನ್ನುತ್ತಾರೆ. ಎರಡೂ ಮೊಸ್ತಾರ್ದಾಗಳ ಬೇರು ಹೊಸ ದ್ರಾಕ್ಷಿ ರಸಕ್ಕಿದ್ದ ಲ್ಯಾಟಿನ್ ಪದ. ಹಿಂದೆ ಸಾಸಿವೆಯನ್ನು ಆ ರಸದಲ್ಲಿ ಕಲಸುತ್ತಿದ್ದರು. ಹೆಸರು ಒಂದು ಕಡೆ ಕಾಳಿಗೆ ಅಂಟಿತು, ಇನ್ನೊಂದು ಕಡೆ ಪಾಕದ ಹಣ್ಣಿಗೆ. ನಮಗೂ ಇದು ಹೊಸದಲ್ಲ. ಉಪನ್ಯಾಸ ಎಂದರೆ ನಮಗೆ ಭಾಷಣ, ಹಿಂದಿಯವರಿಗೆ ಕಾದಂಬರಿ, ಅಲ್ವಾ?

ಡಿಸೈನರ್ ಹುಡುಗ ಪೋರ್ಚುಗೀಸ್ ಸಾಲಿನಿಂದ ಕಾಪಿ ಮಾಡಿ ಇಟಾಲಿಯನ್ ಸಾಲಿಗೆ ಹಾಕಿ, "ಸರ್, ಎರಡೂ ಒಂದೇ ಥರ ಇದೆಯಲ್ಲ" ಎಂದಾಗ ನಾನು ಮಾಡುವುದು ಇಷ್ಟು. ಒಕ್ಕೂಟದ ಕಾನೂನುಗಳ ವೆಬ್‌ಸೈಟಿನಲ್ಲಿ ಆ ನಿಯಮ 24 ಭಾಷೆಗಳಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಎರಡು ಭಾಷೆಯನ್ನು ಅಕ್ಕಪಕ್ಕ ತೆರೆದು ಅನುಬಂಧದ ಹತ್ತನೇ ನಂಬರ್ ನೋಡಿದರೆ ಮುಗಿಯಿತು. ಡಿಕ್ಷನರಿಗಿಂತ ಇದು ಗಟ್ಟಿ. ಡಿಕ್ಷನರಿ ನಾಲ್ಕು ಅರ್ಥ ಕೊಟ್ಟು ಆಯ್ಕೆಯನ್ನು ನಮಗೇ ಬಿಡುತ್ತದೆ. ಆಮ್ಲ, ಸಂರಕ್ಷಕಗಳಿಗೆ ಇ-ನಂಬರ್, ಅಂದರೆ ಒಕ್ಕೂಟದ ಗುರುತಿನ ಸಂಖ್ಯೆ, ಇದೆ. ಇ 260 ಎಂದರೆ ಎಲ್ಲ ಭಾಷೆಯಲ್ಲೂ ಅಸಿಟಿಕ್ ಆಮ್ಲವೇ, ಇ 211 ಎಂದರೆ ಸೋಡಿಯಂ ಬೆಂಜೋಯೇಟೇ. ಪದದ ಬದಲು ನಂಬರ್ ಹಾಕಲು ಅವಕಾಶ ಇರುವಲ್ಲಿ ನಾನು ನಂಬರನ್ನೇ ಕೇಳುತ್ತೇನೆ.

ಪೆಟ್ಟಿಗೆಯ ಮೇಲಿನ ಅಳತೆಗೆ ಇಂಥ ಆಸರೆ ಇಲ್ಲ. ಲಾರ್ಗೋ ಎಂದರೆ ಸ್ಪ್ಯಾನಿಷ್‌ನಲ್ಲಿ ಉದ್ದ, ಇಟಾಲಿಯನ್, ಪೋರ್ಚುಗೀಸಿನಲ್ಲಿ ಅಗಲ. ಮೂರು ಭಾಷೆ ಇರುವ ಪೆಟ್ಟಿಗೆಯಿಂದ ಆ ಪದವನ್ನೇ ತೆಗೆಸಿ ಚಿತ್ರ ಬರೆಸಿ ಬಾಣ ಹಾಕಿಸಿದೆ.

ಪೂರ್ವ ಯುರೋಪಿನ ಭಾಷೆಗಳಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು, ಅವು ಒಂದಕ್ಕೊಂದು ತೀರಾ ಹತ್ತಿರ. ಚೆಕ್‌ನಲ್ಲಿ ಚೆರ್ಸ್ತ್ವೀ ಎಂದರೆ ತಾಜಾ. ರಷ್ಯನ್ನಿನಲ್ಲಿ ಅದರ ಜೋಡಿ ಪದಕ್ಕೆ ಒಣಗಿದ, ಹಳಸಲು ಎಂದರ್ಥ, ಬ್ರೆಡ್ಡಿಗೆ ಹೇಳುವುದು. ಗಾಜು ಜೋಪಾನ ಎನ್ನಲು ಚೆಕ್ಕರು ಪೋಜೋರ್ ಎಂದು ಬರೆಯುತ್ತಾರೆ. ರಷ್ಯನ್ ಅಕ್ಷರ ಬೇರೆ ಇರುವುದರಿಂದ ಕಣ್ಣಿಗೆ ಗೊಂದಲ ಆಗುವುದಿಲ್ಲ, ಆದರೆ ಫೋನಿನಲ್ಲಿ ಓದಿ ಹೇಳುವಾಗ ಇದೇ ಪದ ರಷ್ಯದವರಿಗೆ "ನಾಚಿಕೆಗೇಡು" ಎಂದು ಕೇಳಿಸುತ್ತದೆ.

ತಿಂಗಳ ಹೆಸರುಗಳು ಇವೆಲ್ಲಕ್ಕಿಂತ ಕೆಟ್ಟವು. ಲಿಸ್ತೊಪಾದ್, ಅಂದರೆ ಎಲೆ ಉದುರುವ ಕಾಲ, ಚೆಕ್ ಮತ್ತು ಪೋಲಿಷ್‌ನಲ್ಲಿ ನವೆಂಬರ್, ಕ್ರೊಯೇಷಿಯನ್ನಿನಲ್ಲಿ ಅಕ್ಟೋಬರ್. ಅಕ್ಷರ ಒಂದೂ ಬದಲಾಗುವುದಿಲ್ಲ. ಹೂವಿನಿಂದ ಹುಟ್ಟಿದ ಹೆಸರೂ ಹಾಗೆಯೇ: ಚೆಕ್ಕರ ಕ್ವೇತೆನ್ ಮೇ ತಿಂಗಳು, ಪೋಲೆಂಡಿನವರ ಕ್ವ್ಯೆಚೆನ್ ಏಪ್ರಿಲ್. ಯಾವ ತಾರೀಖಿನೊಳಗೆ ತಿನ್ನಬೇಕು ಎಂದು ಹೇಳುವ ಜಾಗದಲ್ಲಿ ಒಂದು ತಿಂಗಳು ಹೆಚ್ಚುಕಮ್ಮಿ ಆದರೆ ಯಾರು ಉತ್ತರ ಹೇಳುವುದು? ಅದಕ್ಕೇ ನಮ್ಮಲ್ಲಿ ತಿಂಗಳಿಗೆ ಹೆಸರು ಇಲ್ಲ. ದಿನ, ತಿಂಗಳು, ವರ್ಷ, ಮೂರೂ ಅಂಕಿಯಲ್ಲಿ, ಇದೇ ಕ್ರಮದಲ್ಲಿ.

ಇನ್ನೂ ಅನುಮಾನ ಉಳಿದರೆ ಅನುವಾದಕರಿಗೆ ಪದದ ಜೊತೆ ಫೋಟೊ ಕಳಿಸುತ್ತೇನೆ. ಪೆಪೆರೋನಿ ಎಂದು ಸುಮ್ನೆ ಬರೆದು ಕೇಳಿದರೆ ಇಟಲಿಯವರು ದೊಣ್ಣೆಮೆಣಸು ಎಂದುಕೊಳ್ಳುತ್ತಾರೆ, ಜರ್ಮನಿಯವರು ಖಾರದ ಮೆಣಸಿನಕಾಯಿ, ಅಮೆರಿಕದಲ್ಲಿ ಓದಿ ಬಂದವರು ಪಿಜ್ಜಾ ಮೇಲಿನ ಮಾಂಸದ ಬಿಲ್ಲೆ. ಬಾಟಲಿಯೊಳಗಿನ ತುಂಡು ಹೊರತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಕಳಿಸಿದರೆ ಅದೇ ಸಂಜೆ ಉತ್ತರ ಬರುತ್ತದೆ.