ಬಿಲಕ್ಕೆ ಮಣ್ಣು ತುಂಬುವ ಮೊದಲು ಬೂದಿ ಉದುರಿಸಿ

ಬಿಲ ಕಂಡ ಕೂಡಲೇ ಒಂದು ಕೊಡ ನೀರು ಸುರಿಯುವುದು, ಅದರ ಮೇಲೆ ಅರ್ಧ ಬಾಟಲಿ ಫಿನೈಲ್, ಅದೂ ಸಾಲದೆಂದು ಬಾಯಿಗೆ ಒಂದು ಕಲ್ಲು. ಈಗಿನವರಿಗೆ ಗೊತ್ತಿರುವ ಹೆಗ್ಗಣದ ವಿದ್ಯೆ ಇಷ್ಟೇ. ಮರುದಿನ ಎರಡು ಮೊಳ ಆಚೆ ಹೊಸ ಬಾಯಿ ತೆರೆದಿರುತ್ತದೆ. ಆಗ ನನ್ನ ಹತ್ತಿರ ಬಂದು, "ಅಜ್ಜಿ, ನಮ್ಮ ಮನೆಯ ಹೆಗ್ಗಣ ಯಾವುದಕ್ಕೂ ಬಗ್ಗುವುದಿಲ್ಲ" ಎನ್ನುತ್ತಾರೆ. ಅದು ಯಾಕೆ ಬಗ್ಗಬೇಕು? ನೀವು ಮುಚ್ಚಿದ್ದು ಒಂದು ಬಾಗಿಲು. ಇನ್ನೊಂದು ಸೌದೆ ರಾಶಿಯ ಅಡಿಯಲ್ಲೋ ಹುಲ್ಲಿನ ಮರೆಯಲ್ಲೋ ಇದ್ದೇ ಇರುತ್ತದೆ. ನೀರು ಸುರಿದದ್ದರಿಂದ ಆದ ಲಾಭವೆಂದರೆ ಗೋಡೆಯ ಬುಡದ ಮಣ್ಣು ಸಡಿಲವಾದದ್ದು. ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಹೆಗ್ಗಣ ಮಾಡುವ ಹಾನಿಗಿಂತ ಈ ನೀರಿನ ಹಾನಿ ದೊಡ್ಡದು.

ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮಾಡಬೇಕು. ಕಕ್ಕಡದ ಹೊತ್ತಿಗೆ, ಅಂದರೆ ಜುಲೈ ನಡುವಿನಿಂದ ಶುರುವಾಗುವ ನಮ್ಮ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಗದ್ದೆಯಲ್ಲಿ ನೀರು ನಿಂತು ಅಲ್ಲಿನ ಬಿಲಗಳೆಲ್ಲ ತುಂಬುತ್ತವೆ. ಬದುಕಬೇಕಾದ ಇಲಿ ಹೆಗ್ಗಣಗಳು ಒಣ ನೆಲ ಹುಡುಕಿಕೊಂಡು ಮನೆಯ ಕಡೆಗೆ ಬರುತ್ತವೆ. ಮೇ ತಿಂಗಳಲ್ಲಿ ಒಂದು ಸುತ್ತು ಹಾಕಿ. ಸೌದೆ ಕೊಟ್ಟಿಗೆ, ಬಚ್ಚಲಿನ ನೀರು ಹೋಗುವ ಕಡೆ, ಕೋಳಿಗೂಡಿನ ಹಿಂಭಾಗ, ಕಾಫಿ ಒಣಗಿಸುವ ಕಣದ ಅಂಚು, ಇಷ್ಟನ್ನು ನೋಡಿದರೆ ಸಾಕು. ಅಂಗಳವನ್ನೆಲ್ಲ ಗುದ್ದಲಿಯಿಂದ ಅಗೆದುಹಾಕಿ ಬೆಟ್ಟ ಅಗೆದು ಇಲಿ ಹಿಡಿಯುವವರೂ ಇದ್ದಾರೆ. ಅವರಿಗೆ ಇಲಿಯೂ ಸಿಕ್ಕಿರುವುದಿಲ್ಲ.

ಬಿಲ ಯಾರದ್ದೆಂದು ತಿಳಿಯದೆ ಕೈ ಹಾಕಬಾರದು. ಬಾಯಿಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ. ಗದ್ದೆಯ ಬದುವಿನಲ್ಲಿ, ನೀರಿನ ಮಟ್ಟದ ಹತ್ತಿರ, ಹಸಿ ಕೆಸರಿನ ಉಂಡೆಗಳು ಬಿದ್ದಿದ್ದರೆ ಏಡಿ. ಏಡಿಯ ತೂತಿನಿಂದ ಒಂದೇ ರಾತ್ರಿಯಲ್ಲಿ ಮಡಿಯ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ಅದಕ್ಕೆ ಕೆಸರು ತುಳಿದು ಬದು ಮೆತ್ತುವುದೇ ಮದ್ದು, ಬುಟ್ಟಿಗೆ ಬಿದ್ದ ಏಡಿಗೆ ಸಾರಿನ ಪಾತ್ರೆಯೇ ಮದ್ದು. ತೋಟದ ಇಳಿಜಾರಿನಲ್ಲಿ ನಾಯಿ ನುಗ್ಗುವಷ್ಟು ದೊಡ್ಡ ಬಾಯಿ, ಹತ್ತಿರದಲ್ಲಿ ಕಡಿದ ಮೂಳೆ, ಉದುರಿದ ಮುಳ್ಳು ಕಂಡರೆ ಮುಳ್ಳುಹಂದಿ. ಅಡಿಕೆ ಸಸಿಯನ್ನೂ ಗೆಣಸಿನ ಪಾತಿಯನ್ನೂ ಹಾಳು ಮಾಡುತ್ತದೆ, ನಿಜ. ಆದರೂ ಅದನ್ನೂ ಚಿಪ್ಪುಹಂದಿಯನ್ನೂ ಮುಟ್ಟುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಚಿಪ್ಪುಹಂದಿ ತಿನ್ನುವುದು ಇರುವೆ ಗೆದ್ದಲು, ಅದರಿಂದ ನಿಮಗೇನು ತೊಂದರೆ? ಇನ್ನು ಹಾವು ಬಿಲ ತೋಡುವುದಿಲ್ಲ, ಬೇರೆಯವರು ತೋಡಿದ್ದರಲ್ಲಿ ಹೋಗಿ ಮಲಗುತ್ತದೆ. ಅದಕ್ಕೇ ಹೇಳುವುದು, ಹಳೆಯ ಬಿಲ ಎಂದು ಕೋಲು ತಿವಿಯುತ್ತಾ ಕೂರಬೇಡಿ.

ಈಗ ನನ್ನ ಬೂದಿಯ ವಿಷಯ. ಬಿಲದ ಮುಂದೆ ಬೂದಿ ಉದುರಿಸಿಟ್ಟರೆ ರಾತ್ರಿ ಓಡಾಡಿದ್ದರ ಹೆಜ್ಜೆ ಗುರುತು ಅದರ ಮೇಲೆ ಮೂಡುತ್ತದೆ. ಇದನ್ನು ಕಲಿಸಿದವರು ನನ್ನ ಅತ್ತೆ. ಸಂಜೆ ದೀಪ ಹಚ್ಚಿದ ಮೇಲೆ ಅವರು ಬೂದಿಯ ಡಬ್ಬ ಹಿಡಿದು ಹೊರಟರೆ ನಾವು ಸೊಸೆಯರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದೆವು. ಬೆಳಿಗ್ಗೆ ಅವರು ಬಿಲದ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಇದು ಖಾಲಿ, ಇದು ಖಾಲಿ, ಇದರಲ್ಲಿದೆ" ಎಂದು ತೋರಿಸಿದರೆ ಅದು ಸುಳ್ಳಾದದ್ದೇ ಇಲ್ಲ.

ಬೂದಿ ಸೌದೆಯದ್ದೇ ಆಗಬೇಕು. ಕಾಫಿ ಗಿಡದ ಕೊಂಬೆ ಉರಿಸಿದ ಬೂದಿ ನುಣ್ಣಗಿರುತ್ತದೆ. ಬಚ್ಚಲೊಲೆಗೆ ಹಾಲಿನ ಪ್ಯಾಕೆಟ್, ಬಿಸ್ಕತ್ತಿನ ಕವರ್ ಎಲ್ಲ ತುರುಕುವ ಮನೆಯ ಬೂದಿ ಹೆಂಟೆ ಕಟ್ಟುತ್ತದೆ, ನಾತವೂ ಹೊಡೆಯುತ್ತದೆ, ಅದು ಬೇಡ. ಪೂರ್ತಿ ಆರಿದ ಬೂದಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಜಾಲಿಸಿ. ಜರಡಿ ಸಾಲದು, ಸಣ್ಣ ಇದ್ದಿಲ ಚೂರು ಉಳಿದರೂ ಗುರುತು ಕೆಡುತ್ತದೆ. ನಮ್ಮ ಕಡೆಯ ಹವೆಯಲ್ಲಿ ಬೂದಿ ತೇವ ಎಳೆದುಕೊಳ್ಳುವುದರಿಂದ ಡಬ್ಬವನ್ನು ಒಲೆಯ ಪಕ್ಕದಲ್ಲೇ ಇಡಬೇಕು. ಸಂಜೆ ಕಂಡ ಬಾಯಿಗಳಿಗೆಲ್ಲ ಒಣ ಎಲೆ, ಸಡಿಲ ಮಣ್ಣು ಹಗುರವಾಗಿ ತುಂಬಿ. ಗಟ್ಟಿಯಾಗಿ ತುಳಿಯಬೇಡಿ, ಒಳಗಿರುವುದು ತಳ್ಳಿಕೊಂಡು ಹೊರಬರಬೇಕು. ಅದರ ಮುಂದೆ ಒಂದು ಮೊರದಷ್ಟು ಜಾಗವನ್ನು ಕೈಯಿಂದ ಸಮ ಮಾಡಿ, ಹಿಡಿ ಬೂದಿಯನ್ನು ಮೇಲಿನಿಂದ ಉದುರಿಸಿ. ದಪ್ಪ ಪದರವಾದರೆ ಕಾಲು ಹೂತು ಗುಂಡಿಯಾಗುತ್ತದೆ, ತೀರಾ ತೆಳುವಾದರೆ ಗಾಳಿಗೆ ಹೋಗುತ್ತದೆ. ಬೆರಳಿಟ್ಟು ನೋಡಿ, ಬೆರಳಿನ ಗೆರೆ ಮೂಡಿದರೆ ಹದ ಸರಿ. ಗೋಧಿ ಹಿಟ್ಟು ಹಾಕಿದವಳೊಬ್ಬಳಿದ್ದಾಳೆ ನಮ್ಮ ಕುಟುಂಬದಲ್ಲಿ, ಬೆಳಿಗ್ಗೆ ಹಿಟ್ಟೂ ಇಲ್ಲ ಗುರುತೂ ಇಲ್ಲ! ಹನಿ ಬೀಳುವಂತಿದ್ದರೆ ಮೇಲೆ ಅಡಿಕೆ ಹಾಳೆಯನ್ನು ಎರಡು ಕಲ್ಲಿನ ಮೇಲೆ ಎತ್ತರಿಸಿ ಮರೆ ಮಾಡಿ.

ಜಾಲಿಸಿದ್ದು ಉಳಿದರೆ ಚೆಲ್ಲಬೇಡಿ. ಹೊಳೆಮೀನು ಹೆಚ್ಚುವಾಗ ಕೈಗೆ ಬೂದಿ ಸವರಿಕೊಂಡರೆ ಮೀನು ಜಾರುವುದಿಲ್ಲ. ಮೀನು ಹಿಡಿಯಲಾರದೆ ರಬ್ಬರ್ ಕೈಗವಸು ಹಾಕಿಕೊಂಡು ಒದ್ದಾಡುವುದನ್ನು ನೋಡಿದರೆ ನನಗೆ ತಡೆಯುವುದಿಲ್ಲ.

ಬೆಳಕು ಹರಿಯುತ್ತಲೇ, ಕೋಳಿ ಬಿಡುವ ಮೊದಲೇ ಹೋಗಿ ನೋಡಿ. ಮುಂಗಾಲಿನ ನಾಲ್ಕು ಬೆರಳು, ಹಿಂಗಾಲಿನ ಐದು, ನಡುವೆ ಬಾಲ ಎಳೆದ ಗೆರೆಯಿದ್ದರೆ ಇಲಿ ಜಾತಿ. ಹೆಜ್ಜೆ ದೊಡ್ಡದಾಗಿದ್ದರೆ ಹೆಗ್ಗಣ. ಕಾಲಿನ ಗುರುತೇ ಇಲ್ಲದೆ ಅಂಕುಡೊಂಕು ಪಟ್ಟೆ ಇದ್ದರೆ ಹಾವು. ಆ ಬಿಲದ ತಂಟೆ ನಿಮಗೆ ಬೇಡ, ಹಾವು ಹಿಡಿಯುವವರನ್ನು ಕರೆಸಿ. ಬೂದಿ ಹಾಗೇ ಇದ್ದು ತುಂಬಿದ ಎಲೆ ಅಲುಗದಿದ್ದರೆ ಇನ್ನೊಂದು ರಾತ್ರಿ ನೋಡಿ ಆ ಬಾಯಿಯನ್ನು ಮುಚ್ಚಬಹುದು.

ಹೆಗ್ಗಣವಿದ್ದರೆ ಬೋನು ಇಡಿ. ತಂದ ದಿನವೇ ಕೊಕ್ಕೆ ಹಾಕಬೇಡಿ, ಹೊಸ ವಸ್ತು ಕಂಡರೆ ಅದು ದೂರವೇ ನಿಲ್ಲುತ್ತದೆ. ಗೋಡೆಗೆ ಒತ್ತಿಸಿ ಇಟ್ಟು, ಬಾಗಿಲು ತೆರೆದೇ ಬಿಟ್ಟು, ಸುಟ್ಟ ಒಣಮೀನಿನ ಚೂರನ್ನೋ ಕೊಬ್ಬರಿಯನ್ನೋ ಕೆಲವು ರಾತ್ರಿ ತಿನ್ನಲು ಬಿಡಿ. ರೂಢಿಯಾದ ಮೇಲೆ ಕೊಕ್ಕೆ ಹಾಕಿ. ವಿಷದ ಬಿಲ್ಲೆ ಇಡುವವರಿಗೆ ನನ್ನಲ್ಲಿ ಮಾತಿಲ್ಲ. ವಿಷ ತಿಂದದ್ದು ಅಟ್ಟದಲ್ಲಿ ಸತ್ತು ನಾರುವುದು ಹಾಗಿರಲಿ, ಅದನ್ನು ತಿಂದ ನಾಯಿಯೋ ಗೂಬೆಯೋ ಸತ್ತರೆ? ಕೇರೆ ಹಾವನ್ನು ಹೊಡೆದು ಹಾಕಿ, ಆಮೇಲೆ ಇಲಿ ಹೆಚ್ಚಾಯಿತೆಂದು ಗೋಳಾಡುವವರೂ ಇವರೇ.

ಬಿಲ ಖಾಲಿಯಾದದ್ದು ಖಾತ್ರಿಯಾದ ಮೇಲೆ ಒಡೆದ ಹೆಂಚಿನ ಚೂರು, ಜಲ್ಲಿಕಲ್ಲುಗಳನ್ನು ತೋಳುದ್ದ ಆಳಕ್ಕೆ ಕೋಲಿನಿಂದ ಇಡಿದು, ಮೇಲೆ ಸಿಮೆಂಟು ಕಲಸಿದ ಮಣ್ಣು ಮೆತ್ತಿ. ಗಾಜಿನ ಚೂರು ಹಾಕಬೇಡಿ, ಮುಂದೆಂದಾದರೂ ಅಲ್ಲಿ ಅಗೆಯುವವರ ಕಾಲು ಬರಿಗಾಲಾಗಿರುತ್ತದೆ. ಕೈಕಾಲಿನಲ್ಲಿ ಗಾಯವಿದ್ದರೆ ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಇಲಿಜ್ವರ ಹೆಚ್ಚಾಗಿ ಇಲಿ ಹೆಗ್ಗಣಗಳ ಉಚ್ಚೆ ಬೆರೆತ ನೀರು ಕೆಸರಿನಿಂದ ಬರುವುದು. ಸೌದೆಯನ್ನು ಮತ್ತೆ ಗೋಡೆಗೆ ಒರಗಿಸಿ ಪೇರಿಸಬೇಡಿ, ಕಲ್ಲಿನ ಮೇಲೆ ಅಡ್ಡಮರ ಹಾಕಿ, ಕೆಳಗೆ ಬೆಕ್ಕು ನುಸುಳುವಷ್ಟು ಸಂದು ಬಿಟ್ಟು ಪೇರಿಸಿ.